‘ಛೋಟಾ ಹಾಥಿ’ಯ ಭವಿಷ್ಯವೂ ನಮ್ಮವರ ಕಂತೂ

ಕಳೆದ ತಿಂಗಳು ಒಂದು ರಾತ್ರಿ ಹೋಟೆಲಿನ ಬಾಗಿಲು ಮುಚ್ಚುವ ಹೊತ್ತಿಗೆ ನಮ್ಮ ಸಪ್ಲೈಯರ್ ಹುಡುಗನೊಬ್ಬನು ಗಲ್ಲೆಯ ಬಳಿ ಬಂದು ನಿಂತನು. ಕೈಯಲ್ಲಿ ಬಣ್ಣದ ಚಿತ್ರಗಳುಳ್ಳ ಒಂದು ಕಾಗದ. “ಧನಿಗಳೇ, ಟಾಟಾದವರ ಹೊಸ ಏಸ್ ಪ್ರೋ ಬಂದಿದೆಯಂತೆ. ನಾಲ್ಕು ಲಕ್ಷದ ಒಳಗೇ ಸಿಗುತ್ತದಂತೆ. ನಾನೊಂದು ತೆಗೆದುಕೊಳ್ಳಲೇ?” ಎಂದು ಕೇಳಿದನು. ಬೈಂದೂರಿನ ಕಡೆಯ ಹುಡುಗ. ಆರು ವರ್ಷಗಳಿಂದ ನಮ್ಮಲ್ಲಿದ್ದಾನೆ. ಲೈಸೆನ್ಸು ಮಾಡಿಸಿಕೊಂಡು ಒಂದು ವರ್ಷವಾಯಿತು. ‘ನಾಳೆ ಹೇಳುತ್ತೇನೆ’ ಎಂದು ಆ ರಾತ್ರಿ ಅವನನ್ನು ಕಳುಹಿಸಿದೆನಾದರೂ ಆ ನಾಳೆ ಮೂರು ವಾರ ಬೆಳೆಯಿತು. ಏಕೆಂದರೆ ಇದೇ ಪ್ರಶ್ನೆಯನ್ನು ಹಿಂದೊಮ್ಮೆ ಇನ್ನೊಬ್ಬನು ಇದೇ ಗಲ್ಲೆಯ ಮುಂದೆ ನಿಂತು ಕೇಳಿದ್ದನು. ಆಗ ನಾನು ಒಂದು ಕ್ಷಣವೂ ಯೋಚಿಸದೆ ‘ಧೈರ್ಯವಾಗಿ ತೆಗೆದುಕೋ’ ಎಂದಿದ್ದೆನು.

ವಾಚಕರಲ್ಲಿ ಹಲವರು ಬಲ್ಲಂತೆ ಈ ಲೇಖಕನು ಪತ್ರಿಕೆಯ ಮೇಜಿಗೆ ಬರುವ ಮೊದಲು ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದವನು. ಅದಕ್ಕೂ ಮೊದಲು ಮೇಜು ಒರಸಿದವನು. ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದಿಳಿದುದು 1996ರಲ್ಲಿ. ಅದೇ ವರ್ಷ ತರಕಾರಿಯ ಸಗಟು ಪೇಟೆಯು ಬೈಕಲಾದಿಂದ ವಾಶಿಗೆ ಸರಿಯಿತು. ದಾದರದ ನಮ್ಮ ಹೋಟೆಲಿಗೆ ಅಂದಿನವರೆಗೆ ಹಾತ್‌ಗಾಡಿಯಲ್ಲಿ ಬರುತ್ತಿದ್ದ ತರಕಾರಿಗಳು ಒಮ್ಮೆಲೇ ಖಾಡಿಯ ಆಚೆಗೆ ಹೋದವು. ಮೂರು ನಾಲ್ಕು ಹೋಟೆಲಿನವರು ಕೂಡಿ ಒಂದು ಮ್ಯಾಟಡಾರ್ ಗೊತ್ತುಮಾಡಿದರು. ಬೆಳಗಿನ ನಾಲ್ಕಕ್ಕೆ ಅದರ ಹಿಂದೆ ಗೋಣಿಗಳ ಮೇಲೆ ಕುಳಿತು ಬರುವ ಕೆಲಸ ಹೊಸದಾಗಿ ಬಂದ ಹುಡುಗರದು. ನಾಲ್ಕು ಹೋಟೆಲುಗಳ ಸಾಮಾನು ಇಳಿಸುವಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಿದ್ದನು. ನಮ್ಮದು ಕೊನೆಯ ಹೋಟೆಲಾದ್ದರಿಂದ ಸಾಂಬಾರಿನ ತರಕಾರಿ ಯಾವಾಗಲೂ ತಡ, ಭಟ್ಟರ ಬಯ್ಗುಳ ಯಾವಾಗಲೂ ನನಗೆ.

ಆಗ ಎಲ್ಲ ಸರಕುಗಾಡಿಗೂ ನಮ್ಮ ಬಾಯಲ್ಲಿ ಒಂದೇ ಹೆಸರು, ಟೆಂಪೋ. ಇಂದಿಗೂ ಅದೇ. ಈ ಶಬ್ದವು ಜರ್ಮನಿಯ ಹ್ಯಾಂಬುರ್ಗ್ ಪಟ್ಟಣದ ಒಂದು ಕಾರ್ಖಾನೆಯದು. ಅದರ ಸಹಯೋಗದಿಂದ ಬಜಾಜ್ ಟೆಂಪೋ ಎಂಬ ಕಂಪೆನಿಯು 1958ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಮೂರು ಚಕ್ರದ ಗಾಡಿಯನ್ನೂ ಬಳಿಕ ಮ್ಯಾಟಡಾರನ್ನೂ ಬೀದಿಗೆ ತಂದಿತು. ಜರ್ಮನಿಯಲ್ಲಿ ಆ ಹೆಸರು ಅಳಿದು ದಶಕಗಳಾದವು. ಇಲ್ಲಿಯ ಕಂಪೆನಿಯೂ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಹೆಸರು ಮಾತ್ರ ನಮ್ಮ ಹಮಾಲರ ಬಾಯಲ್ಲಿ ಉಳಿಯಿತು. ಗಾಡಿ ಹೋಗಿ ಅದರ ಹೆಸರು ಉಳಿಯುವುದುಂಟು ಎಂಬುದನ್ನು ಮುಂದಿನ ಮಾತಿಗಾಗಿ ವಾಚಕರು ನೆನಪಿನಲ್ಲಿಡಬೇಕು.

ಅದೇ 2005ನೆಯ ಇಸವಿಯ ಮೇ ತಿಂಗಳಲ್ಲಿ ಟಾಟಾ ಏಸ್ ಹೊರಬಂದಿತು. ಗಿರೀಶ್ ವಾಘ್ ಎಂಬ ಎಂಜಿನಿಯರರ ಮುಂದಾಳತನದಲ್ಲಿ ಪುಣೆಯಲ್ಲಿ ಸಿದ್ಧವಾದ ಈ ಗಾಡಿಯ ಬೆಲೆ ಆಗ ಸುಮಾರು ಎರಡೂಕಾಲು ಲಕ್ಷ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರುಗಳ ಎಂಜಿನ್ನನ್ನು ಅರ್ಧ ಮಾಡಿದಂತೆ ಎರಡು ಸಿಲಿಂಡರಿನ, 702 ಸಿ.ಸಿ.ಯ ಡೀಸೆಲ್ ಎಂಜಿನ್ನು, 16 ಅಶ್ವಶಕ್ತಿ, ಹೊರುವ ಭಾರ 750 ಕಿಲೋ. ಕಾಗದದ ಮೇಲಿನ ಭಾರವದು. ವಾಶಿಯಲ್ಲಿ ಅದರ ಮೇಲೆ ಏರಿದ ಭಾರವನ್ನು ಕಂಡವರು ಲೆಕ್ಕಕ್ಕೆ ಹೋಗಲಿಲ್ಲ, ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಕಂಪೆನಿಯು ಆ ಹೆಸರನ್ನೇ ಬಳಿಕ ತನ್ನದಾಗಿ ಮಾಡಿಕೊಂಡಿತು.

ಇದು ಏಕೆ ಗೆದ್ದಿತೆಂಬುದನ್ನು ತಿಳಿಯದೆ ಇದರ ಮುಂದಿನ ದಾರಿಯನ್ನು ಹೇಳಲಾಗದು. ಆ ವರ್ಷಗಳಲ್ಲಿ ಹೆದ್ದಾರಿಗಳು ಅಗಲವಾಗುತ್ತಿದ್ದವು. ಅವುಗಳ ಮೇಲೆ ಓಡುವ ಲಾರಿಗಳು ವರ್ಷವರ್ಷಕ್ಕೆ ದೊಡ್ಡದಾಗುತ್ತಿದ್ದವು. ಲಾರಿ ದೊಡ್ಡದಾದಷ್ಟೂ ಅದು ಊರೊಳಗೆ ಬರುವುದು ಕಷ್ಟ. ಹಗಲು ಹೊತ್ತಿನಲ್ಲಿ ಪೊಲೀಸರ ಅಡ್ಡಿಯೂ ಉಂಟು. ಹೀಗಾಗಿ ಊರಿನ ಅಂಚಿನಲ್ಲಿ ಇಳಿದ ಮಾಲನ್ನು ಅಂಗಡಿಯ ಬಾಗಿಲಿಗೆ ಒಯ್ಯಲು ಒಂದು ಗಾಡಿ ಬೇಕಾಯಿತು. ಮೂರು ಚಕ್ರದ್ದು ಇತ್ತು. ಆದರೆ ಅದು ಸೇತುವೆಯ ಮೇಲೆ ಏದುಸಿರು ಬಿಡುತ್ತಿತ್ತು, ಮಳೆಯ ರಸ್ತೆಯಲ್ಲಿ ವಾಲುತ್ತಿತ್ತು. ಇನ್ನೊಂದು ಕಾರಣವನ್ನು ಎಂಜಿನಿಯರುಗಳಿಗೆ ಮೂರು ಚಕ್ರದ ಚಾಲಕರೇ ಹೇಳಿದರೆಂದು ಪತ್ರಿಕೆಗಳಲ್ಲಿ ಬಂದುದುಂಟು: ನಾಲ್ಕು ಚಕ್ರದ ಗಾಡಿಯ ಒಡೆಯನಾದರೆ ಹೆಣ್ಣು ಕೊಡುವವರು ಮುಂದೆ ಬರುತ್ತಾರೆ. ನಗುವ ಮಾತಲ್ಲ ಇದು. ಖೋಲಿಯಲ್ಲಿ ಎಂಟು ಜನರೊಡನೆ ಮಲಗುವ ನಮ್ಮ ಹೋಟೆಲು ಹುಡುಗರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನೂ ಈ ಗಾಡಿಗೆ ಅನುಕೂಲವಾಗಿ ಒದಗಿತು. 1988ರ ಮೋಟಾರು ವಾಹನ ಕಾಯಿದೆಯ 66ನೆಯ ಕಲಮಿನ ಪ್ರಕಾರ ಹೊರೆ ಸಹಿತ ಒಟ್ಟು ತೂಕ 3,000 ಕಿಲೋ ಮೀರದ ಸರಕುಗಾಡಿಗೆ ಪರ್ಮಿಟ್ಟು ಬೇಡ. ಏಸ್ ಗಾಡಿಯ ತೂಕ ಅದರ ಅರ್ಧದ ಆಸುಪಾಸಿನದು. ಇನ್ನು ಲೈಸೆನ್ಸಿನ ವಿಷಯ. ಸಾಮಾನ್ಯ ಮೋಟಾರಿನ ಲೈಸೆನ್ಸು ಇದ್ದವನು ಬಾಡಿಗೆಯ ಸರಕುಗಾಡಿ ನಡೆಸಬಹುದೋ ಎಂಬ ವಿವಾದವು ಬಹುಕಾಲ ನಡೆದು, ಅಪಘಾತವಾದಾಗ ವಿಮಾ ಕಂಪೆನಿಗಳು ಇದನ್ನೇ ನೆಪಮಾಡುತ್ತಿದ್ದವು. ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠವು 2024ರ ನವೆಂಬರ್ 6ರಂದು, 7,500 ಕಿಲೋ ಮೀರದ ಸಾಗಣೆಯ ವಾಹನವನ್ನು ಲಘು ವಾಹನದ ಲೈಸೆನ್ಸಿನಿಂದಲೇ ನಡೆಸಬಹುದೆಂದು ತೀರ್ಪಿತ್ತು ಆ ಚರ್ಚೆಯನ್ನು ಮುಗಿಸಿತು. ನಮ್ಮ ಹುಡುಗರಲ್ಲಿ ಅನೇಕರಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ‘ಬ್ಯಾಡ್ಜು ಮಾಡಿಸಿಕೊಡುತ್ತೇವೆ’ ಎನ್ನುವ ದಲಾಲಿಗಳಿಗೆ ಇಂದಿಗೂ ಹಣ ಕೊಡುವವರಿದ್ದಾರೆ.

ಇಂಥ ಗಾಡಿಯೊಂದನ್ನು ನಾನೂ ಕೊಂಡೆನು. 2006ರಲ್ಲಿ ಠಾಣೆಯಲ್ಲಿ ಪಾಲುದಾರಿಕೆಯ ಹೋಟೆಲು ಆರಂಭವಾದ ಮೇಲೆ, 2008ರಲ್ಲಿ. ಅದರ ಗದ್ದಲವೇ ಗದ್ದಲ. ಎಂಜಿನ್ನು ಚಾಲೂ ಆದರೆ ಕುಳಿತವನ ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ಹೋಟೆಲಿನ ಹಿಂದಿನ ಓಣಿಯಲ್ಲಿ, ಕಸದ ಡಬ್ಬಿಗೂ ಗ್ಯಾಸಿನ ಸಿಲಿಂಡರುಗಳಿಗೂ ನಡುವೆ, ಅದು ತಿರುಗುವ ಚೆಂದವನ್ನು ನಾನು ಹೊಗಳಲೇಬೇಕು. ಮ್ಯಾಟಡಾರ್ ಬಂದರೆ ಓಣಿಯ ಬಾಯಲ್ಲೇ ನಿಂತು ಹುಡುಗರು ಗೋಣಿ ಹೊರಬೇಕಾಗಿತ್ತು. ಇದು ಅಡುಗೆಮನೆಯ ಮೆಟ್ಟಿಲಿಗೇ ಬಂದಿತು. ಭಟ್ಟರಿಗೆ ತರಕಾರಿ ಆರು ಗಂಟೆಗೆ ಮುಟ್ಟತೊಡಗಿತು. ಕಂಪೆನಿಯೂ ಬೇಡಿಕೆಯನ್ನು ತಡೆಯಲಾರದೆ 2007ರಲ್ಲೇ ಪಂತನಗರದಲ್ಲಿ ಇದಕ್ಕೆಂದು ಕಾರ್ಖಾನೆ ತೆರೆದಿತ್ತು. 2012ರಲ್ಲಿ ನಮ್ಮ ಧಾರವಾಡದಲ್ಲಿಯೂ ಇದರ ತಮ್ಮನಾದ ಏಸ್ ಝಿಪ್ ಗಾಡಿಯ ತಯಾರಿಕೆ ನಡೆಯಿತೆಂಬುದು ಕನ್ನಡಿಗರಿಗೆ ಸಂತೋಷ ತರುವ ಮಾತು. ಠಾಣೆಯ ಬೀದಿಯಲ್ಲಿ ಒಂದು ಝಿಪ್ ಕಂಡರೆ ‘ನಮ್ಮ ಊರ ಕಡೆಯದು’ ಎಂದು ನಮ್ಮ ಹುಬ್ಬಳ್ಳಿಯ ಕ್ಲೀನರು ಕೈ ತೋರಿಸುತ್ತಿದ್ದನು.

ಇನ್ನು ನಾನು ಹೇಳಲು ಹಿಂದೆಗೆಯುತ್ತಿದ್ದ ಮಾತಿಗೆ ಬರುವೆನು.

2011ರಲ್ಲಿ ನಮ್ಮ ಹೋಟೆಲಿನ ಒಬ್ಬ ಸಪ್ಲೈಯರನು ಏಸ್ ಕೊಂಡನು. ಈಗ ಕೇಳಲು ಬಂದ ಹುಡುಗನ ದಾಯಾದಿ ಅಣ್ಣನೇ ಅವನು. ಮುಂಗಡ ಹಣ ಅವನ ಉಳಿತಾಯದ್ದು; ಮಿಕ್ಕುದು ಸಾಲ. ಜಾಮೀನು ಹಾಕಿದವರು ಅವನ ಸೋದರಮಾವ. ಖಾಸಗಿ ಕಚೇರಿಯೊಂದರಲ್ಲಿ ಗುಮಾಸ್ತರು. ‘ಭಾವಯ್ಯನ ಮಗ ಎಷ್ಟು ದಿನ ತಟ್ಟೆ ಎತ್ತಬೇಕು’ ಎಂದು ಅಭಿಮಾನದಿಂದಲೇ ಸಹಿ ಮಾಡಿದರು. ಮೊದಲ ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ನಡೆದುದನ್ನು ಆ ಕಾಲದಲ್ಲಿ ಬೀದಿಯಲ್ಲಿದ್ದವರೆಲ್ಲರೂ ಬಲ್ಲರು. ಸಾಲ ಸುಲಭವಾಗಿ ಸಿಗುತ್ತಿದ್ದುದರಿಂದ ಕಂಡಕಂಡವರೆಲ್ಲ ಗಾಡಿ ಕೊಂಡಿದ್ದರು; ಏಸ್ ಅಲ್ಲದೆ ಮಹೀಂದ್ರದ ಮ್ಯಾಕ್ಸಿಮೊ, ಅಶೋಕ್ ಲೇಲ್ಯಾಂಡಿನ ದೋಸ್ತ್ ಕೂಡ ಬಂದಿದ್ದವು; 2013ರಲ್ಲಿ ವ್ಯಾಪಾರವೇ ಕುಗ್ಗಿತು. ಮಾಲು ಕಡಿಮೆ, ಗಾಡಿ ಹೆಚ್ಚು. ಡೀಸೆಲ್ ಬೆಲೆ ತಿಂಗಳಿಗೊಮ್ಮೆ ಏರುತ್ತಿತ್ತು. ಬಾಡಿಗೆ ಮಾತ್ರ ಇಳಿಯುತ್ತಿತ್ತು.

ಆ ಇಳಿಸಿದವರಲ್ಲಿ ನಾನೂ ಒಬ್ಬನು. ಬೇರೆಯವನು ವಾಶಿಯ ಒಂದು ಟ್ರಿಪ್ಪಿಗೆ ನೂರು ರೂಪಾಯಿ ಕಡಿಮೆ ಹೇಳಿದಾಗ, ನಮ್ಮಲ್ಲೇ ಕೆಲಸ ಮಾಡಿ ಹೋದವನನ್ನು ಕರೆದು ‘ನೀನೂ ಅಷ್ಟಕ್ಕೇ ಬಾ’ ಎಂದೆನು. ವ್ಯಾಪಾರವೆಂದ ಮೇಲೆ ಅದು ತಪ್ಪೆನಿಸಲಿಲ್ಲ. ಅವನು ತುಟಿ ಪಿಟಕ್ಕೆನ್ನದೆ ಒಪ್ಪಿದನು. ಮೂರು ಕಂತು ತಪ್ಪಿದವು. ಒಂದು ಬೆಳಿಗ್ಗೆ ವಾಶಿಯ ಪೇಟೆಯ ಹೊರಗೆ, ನಮ್ಮ ಹೋಟೆಲಿನ ತರಕಾರಿಯೇ ಹೇರಿರುವಾಗ, ಸಾಲ ಕೊಟ್ಟವರ ಕಡೆಯ ನಾಲ್ವರು ಬಂದು ಬೀಗದಕೈ ಕಿತ್ತುಕೊಂಡು ಗಾಡಿಯನ್ನು ಒಯ್ದರು. ಟೊಮೇಟೊ ಕ್ರೇಟುಗಳನ್ನು ರಸ್ತೆಯಲ್ಲಿ ಇಳಿಸಿದರಂತೆ, ಅಷ್ಟು ಉಪಕಾರ. ಗಾಡಿ ಹರಾಜಾಗಿ ಬಂದ ಹಣ ಬಾಕಿಗೆ ಸಾಲಲಿಲ್ಲ. ಉಳಿದುದನ್ನು ಮಾವ ತಮ್ಮ ಪ್ರಾವಿಡೆಂಟ್ ಫಂಡಿನಿಂದ ಕಟ್ಟಿದರು. ಮಗಳ ಮದುವೆಗೆಂದು ಇಟ್ಟ ಹಣವದು. ಮಾವ, ಅಳಿಯ ಇಂದಿಗೂ ಮಾತನಾಡುವುದಿಲ್ಲ. ಅಳಿಯನು ಊರಿಗೆ ಮರಳಿ ಯಾರದೋ ತೋಟದಲ್ಲಿ ಕೆಲಸಕ್ಕಿದ್ದಾನೆ.

ಆದುದರಿಂದ ‘ಈ ಗಾಡಿಗೆ ಭವಿಷ್ಯವಿದೆಯೇ’ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಅದರೊಳಗೆ ಎರಡು ಪ್ರಶ್ನೆಗಳಿವೆಯೆಂದು ನನಗೆ ತೋರುತ್ತದೆ. ಗಾಡಿಯು ಉಳಿಯುವುದೇ ಎಂಬುದು ಒಂದು. ಅದನ್ನು ಸಾಲ ಮಾಡಿ ಕೊಂಡು ತಾನೇ ನಡೆಸುವವನು ಉಳಿಯುವನೇ ಎಂಬುದು ಇನ್ನೊಂದು. ಮೋಟಾರು ಪತ್ರಿಕೆಗಳು ಮೊದಲನೆಯದನ್ನು ಮಾತ್ರ ಚರ್ಚಿಸುತ್ತವೆ.

ಮೊದಲನೆಯದನ್ನು ಬೇಗ ಹೇಳಿ ಮುಗಿಸಬಹುದು. ಇಪ್ಪತ್ತು ವರ್ಷಗಳಲ್ಲಿ ಈ ಗಾಡಿಯು ಮೇಲಿನಿಂದಲೂ ಕೆಳಗಿನಿಂದಲೂ ಒತ್ತಡಕ್ಕೆ ಸಿಕ್ಕಿತು. ಹೆಚ್ಚು ಭಾರ ಹೊರಬೇಕಾದವರು ಬೊಲೆರೊ ಪಿಕಪ್ಪಿನಂಥ ದೊಡ್ಡದಕ್ಕೆ ಏರಿದರು. ಕಡಿಮೆ ಹಣವಿದ್ದವರು ವಿದ್ಯುತ್ತಿನ ಮೂರು ಚಕ್ರಕ್ಕೆ ಇಳಿದರು. 2016ರಲ್ಲಿ ಮಾರುತಿಯವರೂ ಸೂಪರ್ ಕ್ಯಾರಿ ತಂದರು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಬಂದೊಡನೆ ಸಣ್ಣ ಡೀಸೆಲ್ ಎಂಜಿನ್ನಿನ ಹೊಗೆ ಶುದ್ಧಿಮಾಡುವ ಖರ್ಚೇ ದೊಡ್ಡದಾಯಿತು. ಎರಡೂಕಾಲು ಲಕ್ಷದ ಗಾಡಿ ಎಂಬುದು ಕಥೆಯಾಯಿತು. ಅದೇ ವರ್ಷ ಪೆಟ್ರೋಲ್ ಏಸ್ ಬಂದುದಕ್ಕೆ ಕಾರಣವಿದೇ. ಕೊನೆಗೆ 2025ರ ಜೂನಿನಲ್ಲಿ ಏಸ್ ಪ್ರೋ ಹೊರಟಿತು: ಪೆಟ್ರೋಲಿನದು 3.99 ಲಕ್ಷ, ಸಿ.ಎನ್.ಜಿ. ಮತ್ತು ಪೆಟ್ರೋಲು ಎರಡರಲ್ಲೂ ಓಡುವುದು 4.99 ಲಕ್ಷ, ವಿದ್ಯುತ್ತಿನದು 6.50 ಲಕ್ಷ. ಭಾರ ಮೊದಲಿನಂತೆ 750 ಕಿಲೋ. ಮೂರು ಚಕ್ರದವನನ್ನು ಮತ್ತೆ ನಾಲ್ಕು ಚಕ್ರಕ್ಕೆ ಕರೆಯುವ ಬೆಲೆ ಇದು. 2005ರ ಉಪಾಯವನ್ನೇ ಮತ್ತೊಮ್ಮೆ ಹೂಡಿದ್ದಾರೆ. ಆ ಸೆಪ್ಟೆಂಬರ್ 22ರಿಂದ ಸರಕುಗಾಡಿಗಳ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದುದು ಪೆಟ್ರೋಲ್ ಗಾಡಿಗೆ ಇನ್ನಷ್ಟು ಸಹಾಯವಾಯಿತು. ಅಕ್ಟೋಬರ್ 1ರಿಂದ ಕಂಪೆನಿಯ ಲಾರಿ ವಿಭಾಗವು ಕಾರುಗಳಿಂದ ಬೇರೆಯಾಯಿತು. ಅದಕ್ಕೂ ಮೊದಲು, ಜುಲೈಯಲ್ಲಿ, ಇಟಲಿಯ ಇವೇಕೊ ಎಂಬ ದೊಡ್ಡ ಲಾರಿಗಳ ಕಂಪೆನಿಯನ್ನು ಕೊಳ್ಳುವ ಒಪ್ಪಂದವನ್ನು ಪ್ರಕಟಿಸಿದ್ದರು. ಮನೆ ಪಾಲಾದ ಮೇಲೆ ಪ್ರತಿಯೊಬ್ಬ ಮಗನೂ ತನ್ನ ಅನ್ನವನ್ನು ತಾನೇ ಗಳಿಸಬೇಕು. ದೊಡ್ಡ ಲಾರಿಯ ಲಾಭದ ಮುಂದೆ ಈ ಕಿರಿಯ ಮಗನ ಗಳಿಕೆ ಸಣ್ಣದು. ಆದರೂ ಕಂಪೆನಿಯವರು ಇದನ್ನು ಬಿಡುವರೆಂದು ನಾನು ತಿಳಿಯೆನು. ನಗರ ಇರುವವರೆಗೆ ಓಣಿ ಇರುತ್ತದೆ, ಓಣಿಗೆ ಬರುವ ಗಾಡಿ ಬೇಕೇ ಬೇಕು.

ಆದರೆ ಯಾವ ಏಸ್ ಉಳಿಯುವುದು? ಡೀಸೆಲಿನದಕ್ಕೆ ಆಯುಸ್ಸು ಕಡಿಮೆಯೆಂದೇ ನನ್ನ ಎಣಿಕೆ. 2025ರ ಸೆಪ್ಟೆಂಬರಿನಲ್ಲಿ 5.52 ಲಕ್ಷಕ್ಕೆ ಹೊಸ ಡೀಸೆಲ್ ಏಸ್ ತಂದರಾದರೂ ದೊಡ್ಡ ನಗರಗಳ ಮನಸ್ಸು ಬೇರೆಯಾಗಿದೆ. ಅದೇ ವರ್ಷದ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ಈ ನಗರದಲ್ಲಿ ಡೀಸೆಲ್ ಮತ್ತು ಪೆಟ್ರೋಲ್ ವಾಹನಗಳನ್ನು ಹಂತಹಂತವಾಗಿ ನಿಲ್ಲಿಸಿ ಸಿ.ಎನ್.ಜಿ. ಮತ್ತು ವಿದ್ಯುತ್ ವಾಹನಗಳನ್ನಷ್ಟೇ ಬಿಡಬಹುದೇ ಎಂದು ನೋಡಲು ಸಮಿತಿ ನೇಮಿಸುವಂತೆ ಸರಕಾರಕ್ಕೆ ಹೇಳಿತು. ಸೌದೆ, ಇದ್ದಲುಗಳ ಬೇಕರಿಗಳು ಆರು ತಿಂಗಳಲ್ಲಿ ಬೇರೆ ಇಂಧನಕ್ಕೆ ತಿರುಗಬೇಕೆಂದದ್ದೂ ಆ ಪ್ರಕರಣದಲ್ಲೇ. ಆ ಬಿಸಿ ನಮ್ಮ ವೃತ್ತಿಬಾಂಧವರಿಗೆ ನೇರವಾಗಿ ತಟ್ಟಿತು. ದೆಹಲಿಯಲ್ಲಂತೂ 2025ರ ನವೆಂಬರ್ 1ರಿಂದ ಹೊರಗೆ ನೋಂದಣಿಯಾದ ಬಿ.ಎಸ್. 3 ಹಾಗೂ ಅದಕ್ಕಿಂತ ಹಳೆಯ ಸರಕುಗಾಡಿಗಳಿಗೆ ಬಾಗಿಲು ಮುಚ್ಚಿತು. ಐದು ವರ್ಷದ ಸಾಲ ಮಾಡಿ ಡೀಸೆಲ್ ಕೊಳ್ಳುವವನು ಐದು ವರ್ಷದ ಕಾಯಿದೆಯನ್ನೂ ಊಹಿಸಿ ಕೊಳ್ಳಬೇಕಾಗಿದೆ.

ಹಾಗಾದರೆ ವಿದ್ಯುತ್ತಿನದೇ ಸರಿಯಲ್ಲವೇ ಎಂದು ಕೇಳಬಹುದು. ಇಲ್ಲಿಯೇ ನನ್ನ ಎರಡನೆಯ ಪ್ರಶ್ನೆ ಎದುರು ನಿಲ್ಲುತ್ತದೆ. ವಿದ್ಯುತ್ತಿನ ಮೊದಲ ಏಸನ್ನು 2022ರ ಮೇ ತಿಂಗಳಲ್ಲಿ ತೋರಿಸಿದ ದಿನವೇ ಅಮೆಜಾನ್, ಫ್ಲಿಪ್‌ಕಾರ್ಟ್, ಬಿಗ್‌ಬಾಸ್ಕೆಟ್ ಮೊದಲಾದ ಕಂಪೆನಿಗಳೊಡನೆ 39,000 ಗಾಡಿಗಳ ತಿಳುವಳಿಕೆಪತ್ರಗಳಾದವು. 2023ರ ಜನವರಿಯಲ್ಲಿ ಗಾಡಿಗಳನ್ನು ಕೊಡತೊಡಗಿದಾಗ ಬೆಲೆ 9.99 ಲಕ್ಷ. 2005ರ ಏಸನ್ನು ಮೊದಲು ಕೊಂಡವನು ತರಕಾರಿಯವನು, ನೀರಿನ ಡಬ್ಬಿಯವನು, ನನ್ನಂಥ ಹೋಟೆಲಿನವನು. 2023ರ ಏಸ್ ಹೋದುದು ಸಾವಿರಾರು ಗಾಡಿಗಳನ್ನು ಒಟ್ಟಿಗೆ ಇಡಬಲ್ಲವರ ಅಂಗಳಕ್ಕೆ. ಅಲ್ಲಿ ಚಾಲಕನು ಸಂಬಳದವನು. ಸಂಬಳ ಕೀಳೆಂದು ನಾನು ಹೇಳುತ್ತಿಲ್ಲ. ಸಂಬಳವನ್ನೇ ನಂಬಿದ ಗುಮಾಸ್ತ ಬಂಧುಗಳು ಈ ಪತ್ರಿಕೆಯ ಅರ್ಧ ವಾಚಕರು. ಆದರೆ ಸಂಬಳಕ್ಕೇ ಇರುವುದಾದರೆ ಹುಡುಗನು ಹೋಟೆಲನ್ನು ಬಿಡುವುದೇಕೆ? ಇಲ್ಲಿ ಊಟವೂ ಉಂಟು.

ಏಸ್ ಪ್ರೋ ವಿದ್ಯುತ್ ಗಾಡಿ ಆರೂವರೆ ಲಕ್ಷಕ್ಕೆ ಇಳಿದು ಒಬ್ಬನ ಕೈಗೆಟಕುವಂತೆ ಕಂಡರೂ ಲೆಕ್ಕ ಹಾಕಿ ನೋಡಬೇಕು. ಇದಕ್ಕೆ ಎಸ್.ಎಸ್.ಎಲ್.ಸಿ. ಗಣಿತವೇ ಸಾಕು. ಬ್ಯಾಟರಿ 14.4 ಯೂನಿಟ್ಟಿನದು. ಒಮ್ಮೆ ತುಂಬಿದರೆ 155 ಕಿಲೋಮೀಟರು ಎಂದು ಕಂಪೆನಿಯ ಮಾತು. ಹೊರೆ, ಸೇತುವೆ, ವಾಹನದಟ್ಟಣೆಗಳನ್ನು ಕಳೆದು ನೂರು ಎಂದು ಹಿಡಿಯುವುದು ಕ್ಷೇಮ. ಯೂನಿಟ್ಟಿಗೆ ಹತ್ತು ರೂಪಾಯಿ ಎಂದರೆ, ತುಂಬುವಾಗ ಆಗುವ ನಷ್ಟವನ್ನೂ ಸೇರಿಸಿ, ಕಿಲೋಮೀಟರಿಗೆ ಒಂದೂಮುಕ್ಕಾಲು ರೂಪಾಯಿಯೊಳಗೆ ಆಯಿತು. ಪೆಟ್ರೋಲಿನದು ಲೀಟರಿಗೆ 18 ಕಿಲೋಮೀಟರು ಓಡಿದರೆ, ಲೀಟರಿಗೆ ನೂರರ ಮೇಲೆ ಚಿಲ್ಲರೆ ಕೊಟ್ಟು, ಐದೂಮುಕ್ಕಾಲರ ಸುಮಾರು. ಉಳಿತಾಯ ನಾಲ್ಕು ರೂಪಾಯಿ. ಹೊರಬಂದಾಗಿನ ಬೆಲೆಯಲ್ಲಿ ಎರಡಕ್ಕೂ ಇದ್ದ ಅಂತರ 2,51,000. ವಿದ್ಯುತ್ ಗಾಡಿಯ ತೆರಿಗೆ ನೂರಕ್ಕೆ ಐದೇ ಇದ್ದು ಪೆಟ್ರೋಲಿನದು ಇಳಿದುದರಿಂದ ಅಂತರ ಇನ್ನೂ ಬೆಳೆದಿದೆಯೆನ್ನಿ. ದಿನಕ್ಕೆ 60 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೆ ಉಳಿಯುವುದು 72,000. ಅಂತರ ತೀರಲು ಮೂರೂವರೆ ವರ್ಷ. ದಿನಕ್ಕೆ 30 ಕಿಲೋಮೀಟರೇ ಓಡಿದರೆ ಏಳು ವರ್ಷ. ಅಷ್ಟರೊಳಗೆ ಕಂತೂ ಮುಗಿದಿರುತ್ತದೆ, ಬಹುಶಃ ಬ್ಯಾಟರಿಯ ಉತ್ಸಾಹವೂ.

ಇದಲ್ಲದೆ ಹತ್ತು ವರ್ಷ ಹಳೆಯ ಡೀಸೆಲ್ ಏಸಿಗೆ ಇಂದಿಗೂ ಗಿರಾಕಿ ಇದ್ದಾನೆ. ಹತ್ತು ವರ್ಷ ಹಳೆಯ ವಿದ್ಯುತ್ ಏಸಿಗೆ ಏನು ಬೆಲೆ ಬರುವುದೆಂದು ನೋಡಲು ಅಂಥ ಗಾಡಿಯೇ ಇನ್ನೂ ಹುಟ್ಟಿಲ್ಲ. ರಾತ್ರಿ ಎಲ್ಲಿ ಸಿಕ್ಕಿಸುವುದು ಎಂಬುದು ಇನ್ನೊಂದು. ಚಾಳಿನ ಮೂರನೆಯ ಮಾಳಿಗೆಯಲ್ಲಿ ಇರುವವನು ಕಿಟಕಿಯಿಂದ ತಂತಿ ಇಳಿಬಿಡಲಾರನು. ಸರಕಾರದ ಸಹಾಯಧನವನ್ನು ನೋಡಿದರೆ, 2024ರ ಅಕ್ಟೋಬರಿನಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಎಂಬ 10,900 ಕೋಟಿಯ ಯೋಜನೆಯಲ್ಲಿ ಎರಡು ಚಕ್ರಕ್ಕೆ ಪಾಲಿಟ್ಟರು, ಮೂರು ಚಕ್ರಕ್ಕಿಟ್ಟರು, ಬಸ್ಸಿಗಿಟ್ಟರು, ಮೂರೂವರೆ ಟನ್ನು ಮೀರಿದ ಲಾರಿಗೂ ಇಟ್ಟರು. ನಡುವಿನ ಈ ಚಿಕ್ಕ ನಾಲ್ಕು ಚಕ್ರದ ಗಾಡಿಗೆ ಇಡಲಿಲ್ಲ. ಇದನ್ನು ಬರೆದವರು ಓಣಿಯಲ್ಲಿ ಎಂದೂ ಗೋಣಿ ಇಳಿಸಿದವರಲ್ಲವೆಂದು ಹೇಳಿದರೆ ಅವರು ಕೋಪಿಸಿಕೊಳ್ಳಬಾರದು. ತಾನೇ ಒಡೆಯನಾಗಿ ತಾನೇ ನಡೆಸುವವನಿಗೆ, ಒಬ್ಬನಿಗೆ ಒಂದೇ ಗಾಡಿಯಂತೆ, ಆ ಸಹಾಯಧನವನ್ನು ಕೊಡುವುದು ನ್ಯಾಯ. ಸಾವಿರ ಗಾಡಿ ಕೊಳ್ಳುವವರಿಗೆ ಬ್ಯಾಂಕುಗಳಿವೆ.

ಸರಕಾರದ ಮೇಲೆ ಹೊರಿಸಿ ನಾವು ಕೈ ತೊಳೆಯಲೂ ಬಾರದು. ಪ್ರತಿಯೊಂದು ಹೋಟೆಲಿಗೂ ಹಿಂದೆ ಒಂದು ಓಣಿ, ಅಲ್ಲಿ ಒಂದು ಮೀಟರು ಇದ್ದೇ ಇದೆ; ದೋಸೆಯ ಹಿಟ್ಟು ರುಬ್ಬುವ ಯಂತ್ರಕ್ಕೆ ಕೊಡುವ ವಿದ್ಯುತ್ತನ್ನು ರಾತ್ರಿ ಒಂದು ಗಾಡಿಗೆ, ಯೂನಿಟ್ಟಿನ ಹಣ ಪಡೆದೇ, ಕೊಡುವುದು ದೊಡ್ಡ ಔದಾರ್ಯವೇನೂ ಅಲ್ಲ. ಆ ಗಾಡಿ ಬೆಳಿಗ್ಗೆ ತರುವುದು ನಮ್ಮದೇ ತರಕಾರಿ. ಮೂರು ನಾಲ್ಕು ಹೋಟೆಲಿನವರು ಕೂಡಿ ಒಬ್ಬ ಚಾಲಕನಿಗೆ ‘ವರ್ಷವಿಡೀ ಇಷ್ಟು ಟ್ರಿಪ್ಪು, ಇಷ್ಟು ಬಾಡಿಗೆ’ ಎಂದು ಬರೆದುಕೊಟ್ಟರೆ ಅವನ ಕಂತಿಗೆ ಅದಕ್ಕಿಂತ ದೊಡ್ಡ ಜಾಮೀನು ಬೇಡ. ಮ್ಯಾಟಡಾರಿನ ಕಾಲದಲ್ಲಿ ನಮ್ಮ ಹಿರಿಯರು ಕೂಡಿಯೇ ಗಾಡಿ ಇಟ್ಟಿದ್ದರು. ಈಗ ನಮ್ಮಲ್ಲಿ ಪ್ರತಿಯೊಬ್ಬನೂ ಮೊಬೈಲಿನಲ್ಲಿ ಪೋರ್ಟರಿನಂಥ ಏರ್ಪಾಡಿನಿಂದ ದಿನದಿನದ ಗಾಡಿ ಕರೆಯುತ್ತಾನೆ; ಯಾವನು ಕಡಿಮೆಯೋ ಅವನು ಬರುತ್ತಾನೆ. ಸೌಕರ್ಯವೇ ಹೌದು. ನಾನೂ ಕರೆಯುತ್ತೇನೆ. ಆದರೆ ಹಾಗೆ ಬಂದವನ ಹೆಸರು ನನಗೆ ತಿಳಿಯದು, ಅವನ ಕಂತು ಯಾವ ತಾರೀಕಿಗೆಂಬುದು ಮೊದಲೇ ತಿಳಿಯದು.

ಗುಮಾಸ್ತ ಬಂಧುಗಳಿಗೆ ಒಂದು ಮಾತು. ಅಕ್ಕನ ಮಗನೆಂದೋ ಊರಿನವನೆಂದೋ ನೀವು ಜಾಮೀನು ಕಾಗದಕ್ಕೆ ಸಹಿ ಹಾಕುವಿರಿ. ಬೇಡವೆಂದು ನಾನು ಹೇಳಲಾರೆನು. ನಮ್ಮವರಲ್ಲಿ ಯಾರೂ ಯಾರ ಸಹಿಯೂ ಇಲ್ಲದೆ ಮೇಲೆ ಬಂದಿಲ್ಲ. ನನ್ನ ಹೋಟೆಲಿನ ಪಾಲಿಗೂ ಒಬ್ಬ ಬ್ಯಾಂಕ್ ಗುಮಾಸ್ತರ ಸಹಿಯಿದೆ. ಆದರೆ ಸಹಿ ಹಾಕುವ ಮೊದಲು ಹುಡುಗನ ಲೈಸೆನ್ಸು ಕೇಳಬೇಡಿ, ಅವನಿಗೆ ಗೊತ್ತಾದ ಟ್ರಿಪ್ಪುಗಳ ಪಟ್ಟಿ ಕೇಳಿರಿ. ‘ಮಾರ್ಕೆಟ್ಟಿನಲ್ಲಿ ನಿಂತರೆ ಬಾಡಿಗೆ ಸಿಗುತ್ತದೆ ಮಾವ’ ಎಂದರೆ, ಎದ್ದು ಚಹ ಕುಡಿಸಿ ಕಳುಹಿಸಿರಿ. ಕಂತು ತಪ್ಪಿದ ಮೊದಲ ತಿಂಗಳೇ ನಿಮಗೆ ತಿಳಿಸಬೇಕೆಂದು ಅವನಿಂದ ಮಾತು ತೆಗೆದುಕೊಳ್ಳಿರಿ. ನಮ್ಮ ಸಪ್ಲೈಯರನು ಮಾವನಿಗೆ ನಾಚಿ ಮೂರು ತಿಂಗಳು ಮುಚ್ಚಿಟ್ಟನು. ಮೊದಲ ತಿಂಗಳಲ್ಲೇ ಹೇಳಿದ್ದರೆ ಗಾಡಿಯನ್ನು ತಾವೇ ಮಾರಿ ಸಾಲ ತೀರಿಸಬಹುದಾಗಿತ್ತು. ಹರಾಜಿನ ಬೆಲೆಗೂ ಆ ಬೆಲೆಗೂ ಇದ್ದ ಅಂತರವೇ ಮದುವೆಯ ಹಣವಾಗಿತ್ತು.

ಮೂರು ವಾರ ಕಳೆದು ಹುಡುಗನಿಗೆ ಉತ್ತರ ಕೊಟ್ಟೆನು. ವಿದ್ಯುತ್ತಿನದು ಈಗ ಬೇಡ; ಪೆಟ್ರೋಲೂ ಸಿ.ಎನ್.ಜಿ.ಯೂ ಇರುವುದು ಆದೀತು, ಠಾಣೆಯಲ್ಲಿ ಗ್ಯಾಸಿನ ಸಾಲು ಉದ್ದವಾದರೂ ಕಾಯಿದೆ ಬದಲಾದ ದಿನ ಬೀದಿಯಲ್ಲಿ ನಿಲ್ಲಬೇಕಾಗುವುದಿಲ್ಲ. ಆದರೆ ಅದೂ ಇಂದೇ ಅಲ್ಲ. ಒಂದು ತಿಂಗಳು ಬೆಳಗಿನ ಹೊತ್ತು ನಮ್ಮ ಈಗಿನ ಚಾಲಕನೊಡನೆ ಗಾಡಿಯಲ್ಲಿ ಕುಳಿತು ಹೋಗಿ ಬರಬೇಕು. ಎಷ್ಟು ದೂರ, ಎಷ್ಟು ಬಾಡಿಗೆ, ಎಷ್ಟು ಹೊತ್ತು ಖಾಲಿ ನಿಂತೆವು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ಪಕ್ಕದ ಎರಡು ಹೋಟೆಲಿನವರೊಡನೆ ನಾನು ಮಾತನಾಡಿದ್ದೇನೆ. ಮೂವರೂ ಸೇರಿ ವರ್ಷದ ಬಾಡಿಗೆ ಬರೆದುಕೊಡಲು ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ‘ನೋಡೋಣ’ ಎಂದಿದ್ದಾರೆ. ಮಾವನವರ ಬಳಿಗೆ ಮಾತ್ರ ಹೋಗಕೂಡದೆಂದು ಹೇಳಿದೆನು. ಅವನಿಗೆ ಅದು ಹೇಳದೆಯೇ ಗೊತ್ತಿತ್ತು.

ನಿನ್ನೆ ಪುಸ್ತಕ ತಂದು ತೋರಿಸಿದನು. ಸೋಮವಾರ 41 ಕಿಲೋಮೀಟರು, ಮಂಗಳವಾರ 43, ಬುಧವಾರ 58, ಗುರುವಾರ 41. ಶುಕ್ರವಾರದ ಮುಂದೆ ಏನೂ ಇರಲಿಲ್ಲ. ಕೇಳಿದರೆ, ಆ ದಿನ ಗಾಡಿ ಗ್ಯಾರೇಜಿನಲ್ಲಿತ್ತು ಎಂದನು. ಅದನ್ನೂ ಬರೆ, ಗ್ಯಾರೇಜಿನವನು ಎಷ್ಟು ತೆಗೆದುಕೊಂಡನೆಂಬುದನ್ನೂ ಬರೆ ಎಂದೆನು.